ಏರ್‌ಗನ್ ಸ್ಕೋಪ್ ಝೀರೋ ಮಾಡಿದ್ದು: 10 ಮೀಟರ್‌ನಿಂದ 40ರವರೆಗೆ

ಝೀರೋ ಮಾಡೋದು ಅಂದರೆ, ಗನ್ ಮೇಲಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ತೋರಿಸಿದ ಜಾಗಕ್ಕೇ ಒಂದು ಗೊತ್ತಾದ ದೂರದಲ್ಲಿ ಪೆಲೆಟ್ (ಸಣ್ಣ ಗುಂಡು) ಬೀಳುವಂತೆ ಹೊಂದಿಸೋದು. ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆ ವಿಷಯ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇರುವಾಗ ಮೊಲ, ಕೌಜುಗದ ಮೇಲೆ ಗುರಿ ಇಟ್ಟರೆ ಕೇಸ್ ಆಗುತ್ತದೆ, ಆಗಲೂಬೇಕು. ನನ್ನದು .177 (ನಳಿಗೆ ತೂತಿನ ಅಳತೆ, ಇಂಚಿನಲ್ಲಿ) ಸ್ಪ್ರಿಂಗ್ ಏರ್‌ಗನ್. ಹೊಡೆತದ ಶಕ್ತಿ 20 ಜೂಲ್ ದಾಟದ .177ಕ್ಕೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಹೊಡೆಯೋದು ಬರೀ ಪೇಪರ್‌ಗೆ.

ಜಾಗ ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆ ನಮ್ಮ ಹೊಲ. ತೊಗರಿ ರಾಶಿ ಆದ ಮೇಲೆ ಹೊಲ ಖಾಲಿ, ಯಾರು ಬಂದರೂ ದೂರದಿಂದಲೇ ಕಾಣುತ್ತದೆ. ಗುರಿ ಹಿಂದೆ ಎತ್ತರದ ಮಣ್ಣಿನ ಒಡ್ಡು ಇದೆ. ನಮ್ಮ ಕಡೆ ಎಲ್ಲಿ ನೋಡಿದರೂ ಶಹಾಬಾದ್ ಕಲ್ಲು ಸಿಗುತ್ತದೆ ಅಂತ ಪರ್ಸಿ ನಿಲ್ಲಿಸಿ ಅದಕ್ಕೆ ಪೇಪರ್ ಅಂಟಿಸಬೇಡಿ, ಪೆಲೆಟ್ ಸಿಡಿದು ವಾಪಸ್ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು.

ಸ್ಕೋಪ್ ಕೂರಿಸೋದರಲ್ಲೇ ಅರ್ಧ ಕೆಲಸ ಇದೆ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಒಳಗೆ ಪಿಸ್ಟನ್ ಹೋಗಿ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ದೊಡ್ಡ ಬಂದೂಕಿಗೆ ಅಂತ ಮಾಡಿದ ಒಳ್ಳೆ ಸ್ಕೋಪ್ ಕೂಡ ಈ ಎರಡನೇ ಏಟಿಗೆ ಕೆಡಬಹುದು, ಹಾಗಾಗಿ ಏರ್‌ಗನ್‌ಗೆ ಅಂತಲೇ ಇರುವ 3-9×40 (3ರಿಂದ 9 ಪಟ್ಟು ಝೂಮ್, 40 ಮಿ.ಮೀ. ಮುಂದಿನ ಗಾಜು) ತಗೊಂಡೆ. ಸ್ಕೋಪ್ ಜಾರದಂತೆ ಸ್ಟಾಪ್ ಪಿನ್ ಇರುವ ಮೌಂಟ್ (ಸ್ಕೋಪ್ ಹಿಡಿದು ಕೂರಿಸುವ ರಿಂಗ್) ಹಾಕಿದೆ. ರಿಂಗ್‌ಗೂ ಅದು ಕೂರುವ ಗನ್ ಮೇಲಿನ ರೈಲ್‌ಗೂ ಸೇರಿಸಿ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಸಣ್ಣ ಗೆರೆ ಎಳೆದಿಟ್ಟೆ. ಮೌಂಟ್ ಒಂದು ಕೂದಲಷ್ಟು ಜರುಗಿದರೂ ಆ ಗೆರೆ ಒಡೆದು ಕಾಣುತ್ತದೆ.

ಇನ್ನೊಂದು, ಸ್ಕೋಪ್ ಒಳಗೆ ಕಾಣುವ ಕ್ರಾಸ್ ಗೆರೆ ನೆಟ್ಟಗಿರಬೇಕು. ಬೇವಿನ ಕೊಂಬೆಗೆ ದಾರ ಕಟ್ಟಿ, ತುದಿಗೆ ಒಂದು ಭಾರದ ನಟ್ ತೂಗುಬಿಟ್ಟು, ಗನ್ ಅಡ್ಡಾದಿಡ್ಡಿ ವಾಲದಂತೆ ಇಟ್ಟು, ಸ್ಕೋಪ್‌ನ ನಿಂತ ಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವ ತನಕ ತಿರುಗಿಸಿದೆ, ಆಮೇಲೆ ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಪಕ್ಕದ ಹೊಲದ ಕಾಕಾ ಬಂದು ನೋಡಿ, "ಏನ್ ಮಾಡ್ಲಕತ್ತಿ ತಮ್ಮಾ, ಗ್ವಾಡಿ ಕಟ್ಟವ ಇದ್ದಿ ಏನು?" ಅಂದರು. ನಗು ಬಂತು, ಆದರೆ ಗೆರೆ ವಾಲಿದ್ದರೆ ಹತ್ತಿರ ಏನೂ ಗೊತ್ತಾಗಲ್ಲ, 40 ಮೀಟರ್‌ಗೆ ಹೋದಾಗ ಪೆಲೆಟ್ ಪಕ್ಕಕ್ಕೆ ಸರಿಯುತ್ತದೆ.

ಶುರು ಮಾಡಿದ್ದು 10 ಮೀಟರ್‌ನಿಂದ, ಸುಮ್ನೆ ಪೇಪರ್ ಮೇಲೆ ಬೀಳಲಿ ಅಂತ. ಆಮೇಲೆ 25. ಕೆಳಗೆ ಜೋಳ ತುಂಬಿದ ಸಣ್ಣ ಚೀಲ, ಅದರ ಮೇಲೆ ಅಂಗೈ, ಅಂಗೈ ಮೇಲೆ ಗನ್. ಬಿಗಿಯಾಗಿ ಹಿಡಿಯಬಾರದು, ಅದಕ್ಕೆ ಬೇಕಾದ ಹಾಗೆ ಒದೆಯಲು ಬಿಡಬೇಕು. ಒಂದು ಏಟು ನೋಡಿ ಟರೆಟ್ (ಗುರಿ ಗೆರೆ ಸರಿಸಲು ಸ್ಕೋಪ್ ಮೇಲಿರುವ ತಿರುಗಣೆ) ಮುಟ್ಟಬಾರದು, ಐದು ಹೊಡೆದು ಆ ಗುಂಪಿನ ನಡು ನೋಡಬೇಕು. ನನ್ನ ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಅಂದರೆ ಕಾಲು ಎಂಒಎ (ಒಂದು ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಭಾಗ), ಅಂದರೆ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. 25 ಮೀಟರ್‌ನಲ್ಲಿ ಅದು 2 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಗುಂಪು 3 ಸೆಂ.ಮೀ. ಕೆಳಗಿತ್ತು ಅಂದರೆ 16 ಕ್ಲಿಕ್ ಮೇಲೆ. ಪೆಲೆಟ್ ಎತ್ತ ಹೋಗಬೇಕೋ ಅತ್ತ ತಿರುಗಿಸಬೇಕು ಅಷ್ಟೇ.

ಈಗ ಅಸಲಿ ವಿಷಯ. 25ಕ್ಕೆ ಝೀರೋ ಆದ ಮೇಲೆ ಟರೆಟ್ ಮುಚ್ಚಳ ಹಾಕಿಬಿಟ್ಟೆ. ದೂರ ಬದಲಾದಾಗೆಲ್ಲ ಕ್ಲಿಕ್ ತಿರುಗಿಸುತ್ತಾ ಕೂತರೆ ಲೆಕ್ಕ ಯಾವಾಗ ತಪ್ಪಿತು ಅಂತಲೇ ಗೊತ್ತಾಗಲ್ಲ. ಅದರ ಬದಲು ಪ್ರತಿ 5 ಮೀಟರ್‌ಗೆ ಒಂದು ಪೇಪರ್ ಇಟ್ಟು, ನಡುವಿಗೇ ಗುರಿ ಹಿಡಿದು, ಪೆಲೆಟ್ ಎಲ್ಲಿ ಬೀಳುತ್ತದೆ ಅಂತ ಬರೆದುಕೊಂಡೆ. 10 ಮೀಟರ್‌ನಲ್ಲಿ 8 ಮಿ.ಮೀ. ಕೆಳಗೆ. 15ರಲ್ಲಿ ಸರಿಯಾಗಿ ನಡುವೆ. 20ರಲ್ಲಿ ಕೂದಲೆಳೆಯಷ್ಟು ಮೇಲೆ. 30ರಲ್ಲಿ 1 ಸೆಂ.ಮೀ. ಕೆಳಗೆ, 40ರಲ್ಲಿ 5 ಸೆಂ.ಮೀ. ಕೆಳಗೆ. ದೂರ ಹೋದರೆ ಬೀಳೋದು ಎಲ್ಲರಿಗೂ ಗೊತ್ತು, ಆದರೆ ಹತ್ತಿರವೂ ಕೆಳಗೆ ಯಾಕೆ? ಸ್ಕೋಪ್ ನಳಿಗೆಯಿಂದ 4 ಸೆಂ.ಮೀ. ಮೇಲಿದೆ ಅಲ್ವಾ, ಪೆಲೆಟ್ ಕೆಳಗಿನಿಂದ ಹತ್ತಿ ಬಂದು ನೋಟದ ಗೆರೆಯನ್ನು 15ರಲ್ಲಿ ಒಮ್ಮೆ ದಾಟುತ್ತದೆ, ಮತ್ತೆ ಇಳಿಯುತ್ತಾ 25ರಲ್ಲಿ ಇನ್ನೊಮ್ಮೆ. ಹಾಗಾಗಿ 13ರಿಂದ 27ರ ನಡುವೆ ಏನೂ ಯೋಚನೆ ಮಾಡಬೇಕಿಲ್ಲ, ನೇರ ನಡುವಿಗೆ ಹಿಡಿದರೆ ಸಾಕು. ನಿಮ್ಮ ಗನ್‌ನ ವೇಗ, ಸ್ಕೋಪ್‌ನ ಎತ್ತರ ಬೇರೆ ಇದ್ದರೆ ಅಂಕಿಗಳೂ ಬೇರೆ ಆಗುತ್ತವೆ.

ಉಳಿದ ದೂರಕ್ಕೆ ಮಿಲ್‌ಡಾಟ್, ಅಂದರೆ ಕ್ರಾಸ್ ಗೆರೆ ಮೇಲೆ ಒಂದೊಂದು ಮಿಲ್ ಅಂತರಕ್ಕೆ ಇರುವ ಚುಕ್ಕೆಗಳು. ಒಂದು ಮಿಲ್ ಅಂದರೆ 100 ಮೀಟರ್‌ಗೆ 10 ಸೆಂ.ಮೀ., 40ಕ್ಕೆ 4 ಸೆಂ.ಮೀ. ಅಂದರೆ 40 ಮೀಟರ್‌ನಲ್ಲಿ ನಡುವಿನ ಕೆಳಗಿನ ಮೊದಲ ಚುಕ್ಕೆಗಿಂತ ಚೂರು ಕೆಳಗಿನ ಜಾಗವನ್ನು ಪೇಪರ್‌ನ ನಡುವಿಗೆ ಹಿಡಿಯಬೇಕು. ಝೂಮ್ ಮಾತ್ರ ಮುಟ್ಟಬೇಡಿ. ನನ್ನದರಲ್ಲಿ ಚುಕ್ಕೆ ಲೆಕ್ಕ ಸರಿ ಬರೋದು 9ರಲ್ಲೇ, 4ಕ್ಕೆ ಇಳಿಸಿದರೆ ಎಲ್ಲ ಅದಲುಬದಲು.

ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದೂ ಹೀಗೇನಾ ಅಂತ ಹುಡುಗರು ಕೇಳುತ್ತಾರೆ. ಇಲ್ಲ, ಆ 10 ಮೀಟರ್ ಆಟದಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಗಿಸಿಬಿಡಿ. ನಮ್ಮ ಬಯಲಲ್ಲಿ ಮಧ್ಯಾಹ್ನದ ಗಾಳಿಗೆ ಅರ್ಧ ಗ್ರಾಂ ತೂಕದ ಪೆಲೆಟ್ ಯಾವ ಲೆಕ್ಕ? ಪೆಲೆಟ್ ಕಂಪನಿ ಬದಲಿಸಿದರೆ 25ರಲ್ಲಿ ಮತ್ತೆ ಐದು ಹೊಡೆದು ನೋಡಿ, ತೂಕ ಬೇರೆ ಆದರೆ ಝೀರೋನೂ ಬೇರೆ.