ಕ್ರಿಪ್ಟೊ ಖಾತೆಗೆ ಕೆವೈಸಿ: ಏನು ಕೊಡಬೇಕು, ಏನು ಕೊಡಬಾರದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕ್ರಿಪ್ಟೊ ಖಾತೆ ತೆರೆಯುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಆಧಾರ್, ಪ್ಯಾನ್ ಕೊಡದೆ ಆಗುವುದಿಲ್ಲವೇ? ಆಗುವುದಿಲ್ಲ. 2023ರ ಮಾರ್ಚ್ 7ರಂದು ಕೇಂದ್ರ ಹಣಕಾಸು ಸಚಿವಾಲಯ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ಕೊಳ್ಳುವ, ಮಾರುವ ತಾಣಗಳನ್ನು, ಅಂದರೆ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದಿತು. ಅಂದಿನಿಂದ ಎಕ್ಸ್‌ಚೇಂಜ್‌ಗಳು ಎಫ್‌ಐಯು, ಅಂದರೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು, ಪ್ರತಿ ಗ್ರಾಹಕನ ಗುರುತು ಪರಿಶೀಲಿಸಬೇಕು (ಇದೇ ಕೆವೈಸಿ), ಅನುಮಾನ ಬಂದ ವ್ಯವಹಾರವನ್ನು ವರದಿ ಮಾಡಬೇಕು. ಆ ವರದಿ ಹೋಗಿದೆ ಎಂದು ಗ್ರಾಹಕನಿಗೆ ಹೇಳುವಂತೆಯೂ ಇಲ್ಲ. ಹಾಗಾಗಿ ‘ಕೆವೈಸಿ ಬೇಡ, ನಂಬರ್ ಸಾಕು’ ಎನ್ನುವ ಆ್ಯಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಕೆವೈಸಿ ತಪ್ಪಿಸಿಕೊಳ್ಳುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಿಮ್ಮ ದಾಖಲೆ ಎಷ್ಟು ಜನರ ಕೈ ದಾಟಿ ಹೋಗಬೇಕು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿದೆ. ಇಲ್ಲಿ ಹೇಳುವುದೆಲ್ಲ ಅದರ ಬಗ್ಗೆಯೇ.

ಮೊದಲು ಎಕ್ಸ್‌ಚೇಂಜ್ ಯಾವುದು ನೋಡಿ

ಅದು ಎಫ್‌ಐಯುನಲ್ಲಿ ನೋಂದಣಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. 2023ರ ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಕ್ರಾಕನ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಫ್‌ಐಯು ನೋಟಿಸ್ ಕೊಟ್ಟಿತು. ಮುಂದಿನ ತಿಂಗಳೇ ಅವುಗಳ ಜಾಲತಾಣಗಳು ಇಲ್ಲಿ ಬಂದ್ ಆದವು, ಹಣ ಇಟ್ಟವರು ಗಾಬರಿಯಾದರು. ಬೈನಾನ್ಸ್ ಆಮೇಲೆ ನೋಂದಾಯಿಸಿಕೊಂಡಿತು, 2024ರ ಜೂನ್‌ನಲ್ಲಿ ಅದಕ್ಕೆ 18.82 ಕೋಟಿ ರೂಪಾಯಿ ದಂಡವೂ ಬಿತ್ತು.

ನೋಂದಣಿ ಇದೆ ಎಂದರೆ ನಿಮ್ಮ ಹಣಕ್ಕೆ ಸರ್ಕಾರ ಜಾಮೀನು ನಿಂತಿದೆ ಎಂದು ಮಾತ್ರ ತಿಳಿಯಬೇಡಿ. ವಜೀರ್‌ಎಕ್ಸ್ ಇಲ್ಲಿಯದೇ ಎಕ್ಸ್‌ಚೇಂಜ್. 2024ರ ಜುಲೈ 18ರಂದು ಹ್ಯಾಕರ್‌ಗಳು ಅದರಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಎತ್ತಿಕೊಂಡು ಹೋದರು. ಬ್ಯಾಂಕ್ ಠೇವಣಿಗೆ ಇರುವ ಐದು ಲಕ್ಷದ ವಿಮೆ ಕ್ರಿಪ್ಟೊಗೆ ಇಲ್ಲ.

ಹೆಸರೇ ಅರ್ಧ ಕೆಲಸ

ನಮ್ಮ ಭಾಗದಲ್ಲಿ ಕೆವೈಸಿ ತಿರಸ್ಕೃತವಾಗುವುದಕ್ಕೆ ದೊಡ್ಡ ಕಾರಣ ಹೆಸರು. ಎಕ್ಸ್‌ಚೇಂಜ್‌ನ ಗಣಕ ಮೂರು ಕಡೆಯ ಹೆಸರನ್ನು ತಾಳೆ ನೋಡುತ್ತದೆ: ಪ್ಯಾನ್, ಆಧಾರ್, ಬ್ಯಾಂಕ್ ಖಾತೆ. ಮೂರೂ ಇಂಗ್ಲಿಷ್ ಅಕ್ಷರದಲ್ಲಿ ಹತ್ತಿರ ಹತ್ತಿರ ಹೊಂದಬೇಕು.

ಹುಲಿಗೆಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಆಧಾರ್‌ನಲ್ಲಿ ‘ಹುಲಿಗೆಮ್ಮ’ ಎಂದು ಬರೆದಿರುತ್ತಾರೆ, ಪ್ಯಾನ್‌ನಲ್ಲಿ ‘ಹುಲಗೆಮ್ಮ’, ಪಾಸ್‌ಬುಕ್‌ನಲ್ಲಿ ಒಂದೇ ‘ಮ’ ಇರುವ ಹುಲಿಗೆಮ. ಮನುಷ್ಯರಿಗೆ ಮೂವರೂ ಒಬ್ಬಳೇ, ಗಣಕಕ್ಕೆ ಮೂವರು ಬೇರೆ ಬೇರೆ. ವೆಂಕಪ್ಪ–ಯಂಕಪ್ಪ, ಬಸವರಾಜ–ಬಸವರಾಜು, ವಿರೂಪಾಕ್ಷ–ವಿರುಪಾಕ್ಷಪ್ಪ ಇವೂ ಹೀಗೇ. ಇನಿಶಿಯಲ್ ಇನ್ನೊಂದು ತೊಡಕು. ಆಧಾರ್‌ನಲ್ಲಿ ‘ಎಚ್ ಬಸವರಾಜ’ ಎಂದಿದ್ದರೆ ನಡೆದುಹೋಗುತ್ತದೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಬರೀ ಇನಿಶಿಯಲ್ ಹಾಕುವಂತಿಲ್ಲ, ಹಾಗಾಗಿ ಅಲ್ಲಿ ‘ಹನುಮಂತಪ್ಪ ಬಸವರಾಜ’ ಎಂದು ಅಪ್ಪನ ಹೆಸರು ಬಿಡಿಸಿಕೊಂಡಿರುತ್ತದೆ.

ಅರ್ಜಿ ಹಾಕುವ ಮುಂಚೆಯೇ ಮೂರೂ ದಾಖಲೆ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಓದಿ. ವ್ಯತ್ಯಾಸ ಇದ್ದರೆ ಆಧಾರ್ ಮೊದಲು, ಅದರ ಆಧಾರದ ಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್, ಈ ಕ್ರಮದಲ್ಲೇ ಸರಿಪಡಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಬಿಡುತ್ತಾರೆ. ಅದಕ್ಕೇ ಅವಸರದಲ್ಲಿ ಇನ್ನೊಂದು ತಪ್ಪು ಮಾಡಿಕೊಳ್ಳಬೇಡಿ, ಆಧಾರ್ ಕೇಂದ್ರದಲ್ಲಿ ರಸೀದಿ ಕೈಗೆ ಬರುವ ಮುಂಚೆ ಪರದೆ ತಿರುಗಿಸಿ ತೋರಿಸಲು ಕೇಳಿ. 2025ರ ಅಕ್ಟೋಬರ್‌ನಿಂದ ಹೆಸರು, ವಿಳಾಸ, ಮೊಬೈಲ್ ತಿದ್ದುಪಡಿಗೆ 75 ರೂಪಾಯಿ, ಫೋಟೊ ಮತ್ತು ಬೆರಳಚ್ಚಿಗೆ 125 ರೂಪಾಯಿ. ಹೆಚ್ಚು ಕೇಳಿದರೆ ಆಧಾರ್ ಸಹಾಯವಾಣಿ 1947ಕ್ಕೆ ದೂರು ಕೊಡಿ.

ಊರಿನ ಹೆಸರೂ ಕೆಲವೊಮ್ಮೆ ಕಾಡುತ್ತದೆ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಗಿದೆ, ಹಳೆಯ ದಾಖಲೆಗಳಲ್ಲಿ ‘ಬೆಲ್ಲಾರಿ’ ಎಂದೇ ಇದೆ. ಹೊಸಪೇಟೆಯವರ ಆಧಾರ್‌ನಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಇರಬಹುದು, ಈಗ ಅದು ವಿಜಯನಗರ ಜಿಲ್ಲೆ. ಫಾರ್ಮಿನಲ್ಲಿ ಈಗಿನ ಹೆಸರು ಹಾಕಿ ಜಾಣತನ ತೋರಬೇಡಿ. ದಾಖಲೆಯಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಪ್ಯಾನ್ ಆಧಾರ್‌ಗೆ ಜೋಡಣೆಯಾಗಿರದಿದ್ದರೆ ಅದು ನಿಷ್ಕ್ರಿಯ, ಕೆವೈಸಿ ಅಲ್ಲಿಗೇ ನಿಲ್ಲುತ್ತದೆ. ಎಕ್ಸ್‌ಚೇಂಜ್ ನಿಮ್ಮ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಹಾಕಿ, ಬ್ಯಾಂಕ್ ಹೇಳುವ ಖಾತೆದಾರರ ಹೆಸರನ್ನು ನೋಡುವುದಕ್ಕೆ ಪೆನ್ನಿ ಡ್ರಾಪ್ ಎನ್ನುತ್ತಾರೆ. ಜಂಟಿ ಖಾತೆಯಲ್ಲಿ ನೀವು ಎರಡನೆಯವರಾಗಿದ್ದರೆ ಬರುವುದು ಮೊದಲನೆಯವರ ಹೆಸರು, ಆಗ ವಿಫಲ. ಗ್ರಾಮೀಣ ಬ್ಯಾಂಕಿನ ಗ್ರಾಹಕರು ಇನ್ನೊಂದು ನೆನಪಿಡಬೇಕು: ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ತುಂಬದೆ, ಶಾಖೆಯಲ್ಲಿ ಈಗಿನದ್ದು ಕೇಳಿ ತುಂಬಿ.

ಝೆರಾಕ್ಸ್ ಅಂಗಡಿಯ ಗಣಕ

ದಾಖಲೆ ಸೋರುವುದೆಂದರೆ ಎಲ್ಲರೂ ದೂರದ ಹ್ಯಾಕರ್‌ನನ್ನು ನೆನೆಯುತ್ತಾರೆ. ತಹಸೀಲ್ದಾರ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಆಧಾರ್ ಫೋಟೊವನ್ನು ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸು ಎನ್ನುತ್ತಾರೆ. ಕಳಿಸಿದ ಕೂಡಲೇ ಅದು ಅಂಗಡಿಯ ಫೋನಿನಲ್ಲಿ ಒಂದು, ಗಣಕದ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು. ಆ ಫೋಲ್ಡರ್ ತೆರೆದರೆ ನಿನ್ನೆ ಬಂದವರ, ಮೊನ್ನೆ ಬಂದವರ ಆಧಾರ್, ಪ್ಯಾನ್, ಪಹಣಿ, ಪಾಸ್‌ಬುಕ್ ಎಲ್ಲ ಸಾಲಾಗಿ ಕೂತಿರುತ್ತವೆ. ಅಂಗಡಿಯವರು ಕೆಟ್ಟವರಲ್ಲ, ಅಳಿಸಲು ಪುರುಸೊತ್ತಿಲ್ಲ ಅಷ್ಟೇ. ಆದರೆ ಆ ಗಣಕಕ್ಕೆ ಕೈಯಿಡುವ ಯಾರಿಗಾದರೂ ಅಷ್ಟೂ ಜನರ ಹೆಸರಲ್ಲಿ ಖಾತೆ ತೆರೆಯಲು ಬೇಕಾದ ಸಾಮಾನು ಅಲ್ಲಿ ಸಿದ್ಧವಾಗಿದೆ.

ಅಂಗಡಿಗೆ ಹೋಗಲೇಬೇಕಾದರೆ ಎದುರಿಗೆ ನಿಂತು ಡೌನ್‌ಲೋಡ್ಸ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ಅಳಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ‘ಎಲ್ಲರಿಗೂ ಅಳಿಸು’ ಒತ್ತಿ ತೆಗೆಯಿರಿ. ನಿಮ್ಮದೇ ವಾಟ್ಸ್‌ಆ್ಯಪ್ ಅಲ್ಲಿನ ಗಣಕದಲ್ಲಿ ತೆರೆದಿದ್ದರೆ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗೌಟ್ ಮಾಡಿ. ಕೇಳಲು ಮುಜುಗರ ಪಡಬೇಡಿ.

ಅಂಗಡಿಯೇ ಬೇಡವಾಗುವ ದಾರಿ ಡಿಜಿಲಾಕರ್, ದಾಖಲೆ ಇಡುವ ಸರ್ಕಾರದ ಡಿಜಿಟಲ್ ಕಪಾಟು. ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಆ ಆಯ್ಕೆ ಇದ್ದರೆ ಫೋಟೊ ಅಪ್‌ಲೋಡ್ ಮಾಡುವ ಬದಲು ಅದನ್ನೇ ಒತ್ತಿ. ಆಧಾರ್‌ನ ಒಟಿಪಿ ಹಾಕಿದ ಮೇಲೆ ಒಪ್ಪಿಗೆಯ ಪರದೆ ಬರುತ್ತದೆ, ಇಲ್ಲಿ ಅವಸರ ಬೇಡ. ಯಾವ ಯಾವ ದಾಖಲೆ ಹಂಚಬೇಕು ಎಂಬ ಪಟ್ಟಿ ಇರುತ್ತದೆ. ಆಧಾರ್, ಪ್ಯಾನ್ ಬಿಟ್ಟು ಡ್ರೈವಿಂಗ್ ಲೈಸೆನ್ಸ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳಿಗೆ ಟಿಕ್ ಇದ್ದರೆ ತೆಗೆಯಿರಿ. ಒಪ್ಪಿಗೆ ಎಲ್ಲಿಯವರೆಗೆ ಎಂಬ ದಿನಾಂಕವೂ ಅಲ್ಲೇ ಇರುತ್ತದೆ, ಆದಷ್ಟು ಹತ್ತಿರದ ದಿನ ಇಡಿ. ಈ ದಾರಿಯಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಎಕ್ಸ್‌ಚೇಂಜ್‌ಗೆ ಕಾಣುತ್ತದೆ. ಇದಕ್ಕೆಲ್ಲ ಆಧಾರ್‌ಗೆ ಮೊಬೈಲ್ ಜೋಡಣೆಯಾಗಿರಬೇಕು, ಆಗಿಲ್ಲದಿದ್ದರೆ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಸಾಕು.

ಡಿಜಿಲಾಕರ್ ಇಲ್ಲದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ಜಾಲತಾಣದಲ್ಲಿ ಇ-ಆಧಾರ್ ಇಳಿಸಿಕೊಳ್ಳುವಾಗ ಆ ಆಯ್ಕೆಗೆ ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮರೆಯಾಗಿ ಬರುತ್ತವೆ. ಆ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಊರಿನವರೆಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಅದು, ಹಾಗಾಗಿ ಪಿಡಿಎಫ್ ಸುರಕ್ಷಿತ ಎಂದು ಎಲ್ಲೆಂದರಲ್ಲಿ ಬಿಡಬೇಡಿ. ಕಾಗದದ ಪ್ರತಿ ಕೊಡುವುದಾದರೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆದು ಸಹಿ ಮಾಡಿ. ಆ್ಯಪ್‌ಗೆ ಹಾಕುವ ಫೋಟೊದ ಮೇಲೆ ಹೀಗೆ ಬರೆದರೆ ಗಣಕ ಓದಲಾಗದೆ ತಿರಸ್ಕರಿಸುತ್ತದೆ, ಅಲ್ಲಿ ಬೇಡ.

ಸೆಲ್ಫಿ, ಲೊಕೇಶನ್, ಆದಾಯ

2026ರ ಜನವರಿಯಲ್ಲಿ ಎಫ್‌ಐಯು ನಿಯಮ ಬಿಗಿ ಮಾಡಿತು. ಲೈವ್ ಸೆಲ್ಫಿ ಬೇಕು, ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಜೀವಂತ ಮನುಷ್ಯ ಎಂದು ತೋರಿಸಬೇಕು. ಖಾತೆ ತೆರೆಯುವ ಜಾಗದ ಅಕ್ಷಾಂಶ–ರೇಖಾಂಶ, ಸಮಯ, ಐಪಿ ವಿಳಾಸ ದಾಖಲಾಗುತ್ತವೆ. ಪ್ಯಾನ್ ಜೊತೆ ಇನ್ನೊಂದು ಗುರುತಿನ ದಾಖಲೆಯೂ ಬೇಕು.

ಸೆಲ್ಫಿ ಸೋಲುವುದು ಹೆಚ್ಚಾಗಿ ಬೆಳಕಿನಿಂದ. ಬೆನ್ನ ಹಿಂದೆ ಬಾಗಿಲು ತೆರೆದಿದ್ದರೆ ನಮ್ಮ ಬಿಸಿಲಿಗೆ ಮುಖ ಕಪ್ಪಾಗುತ್ತದೆ. ಬೆಳಕಿಗೆ ಎದುರಾಗಿ ಕೂತು, ರುಮಾಲು, ಟೋಪಿ, ಕನ್ನಡಕ ತೆಗೆದು, ಕ್ಯಾಮೆರಾದ ಗಾಜು ಒರೆಸಿ ತೆಗೆಯಿರಿ. ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸಿದ ಹುಡುಗರ ಮುಖ ಈಗ ಗಡ್ಡ ಬಂದು ಹೊಂದದಿದ್ದರೆ ಪದೇ ಪದೇ ಪ್ರಯತ್ನಿಸಿ ಖಾತೆ ಲಾಕ್ ಮಾಡಿಸಿಕೊಳ್ಳಬೇಡಿ, ಆಧಾರ್ ಫೋಟೊ ಬದಲಿಸಿಕೊಂಡು ಬನ್ನಿ.

ವಿಪಿಎನ್ (ನೀವಿರುವ ಜಾಗ ಮರೆಮಾಡುವ ಆ್ಯಪ್) ಇದ್ದರೆ ಆಫ್ ಮಾಡಿ. ಲೊಕೇಶನ್ ಅನುಮತಿಯನ್ನು ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಕೊಡಿ. ಸಂಪರ್ಕಗಳ ಪಟ್ಟಿ, ಎಸ್‌ಎಂಎಸ್ ಕೇಳಿದರೆ ಬೇಡ ಎನ್ನಿ. ನಿಮ್ಮ ಗುರುತು ಪರಿಶೀಲಿಸಲು ನಿಮ್ಮ ನೆಂಟರ ನಂಬರ್ ಬೇಕಿಲ್ಲ. ಆಧಾರ್‌ನಲ್ಲಿ ಮಸ್ಕಿಯ ವಿಳಾಸ ಇದ್ದು ಕೆಲಸಕ್ಕೆ ಹೈದರಾಬಾದಿನಲ್ಲಿದ್ದರೆ, ಈಗಿನ ವಿಳಾಸದ ಜಾಗದಲ್ಲಿ ಹೈದರಾಬಾದೇ ಬರೆಯಿರಿ.

ಉದ್ಯೋಗ, ಆದಾಯ ಕೇಳುತ್ತಾರೆ. ಸುಳ್ಳು ಬರೆದರೆ ಮುಂದೆ ಸಿಕ್ಕಿಬೀಳುವುದು ಇಲ್ಲೇ. ವರ್ಷಕ್ಕೆ ಎರಡು ಲಕ್ಷ ಎಂದು ಬರೆದು ಒಂದೇ ತಿಂಗಳಲ್ಲಿ ಆರು ಲಕ್ಷ ಹಾಕಿದರೆ ಹಣದ ಮೂಲ ಕೇಳಿ ಖಾತೆ ತಡೆಯುತ್ತಾರೆ. ಹತ್ತಿ, ಭತ್ತ ಮಾರಿದ ಹಣವಾದರೆ ಅಡತಿ ಅಂಗಡಿಯ ಪಟ್ಟಿ ಮತ್ತು ಆ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕ್ಷಿಯಾಗುತ್ತವೆ. ಪಟ್ಟಿ ಬಿಸಾಡಬೇಡಿ.

ಖಾತೆ ಬಾಡಿಗೆಗೆ ಕೊಡಬೇಡಿ

ಕಾಲೇಜು ಹುಡುಗರಿಗೆ, ಜೀನ್ಸ್ ಘಟಕದ ಕೆಲಸಗಾರರಿಗೆ, ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಬರುವ ಮಾತು ಇದು: ‘ನಿನ್ನ ಹೆಸರಲ್ಲಿ ಖಾತೆ ತೆರೆ, ಸೆಲ್ಫಿ ಕೊಡು, ಐದು ಸಾವಿರ ತಗೋ, ಮಿಕ್ಕಿದ್ದು ನಾವು ನೋಡಿಕೊಳ್ತೀವಿ.’ ಯಾರದೋ ಡಿಜಿಟಲ್ ಅರೆಸ್ಟ್‌ನಲ್ಲಿ ಕಳೆದ ಹಣ ಆ ಖಾತೆಗೆ ಬಂದು ಕ್ರಿಪ್ಟೊ ಆಗಿ ದೇಶ ಬಿಡುತ್ತದೆ. ದಾಖಲೆಯಲ್ಲಿ ಉಳಿಯುವುದು ನಿಮ್ಮ ಮುಖ, ನಿಮ್ಮ ಬೆರಳು ಒತ್ತಿದ ಜಾಗ. ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ತಮ್ಮನಿಗೆ, ಸ್ನೇಹಿತನಿಗೆ ಎಂದರೂ ಕೊಡಬೇಡಿ, ಅವರ ಪ್ಯಾನ್‌ನಲ್ಲಿ ಅವರೇ ತೆರೆಯಲಿ.

ಪಿ2ಪಿಯಲ್ಲಿ, ಅಂದರೆ ಇನ್ನೊಬ್ಬ ವ್ಯಕ್ತಿಗೆ ನೇರವಾಗಿ, ಮಾರುವವರಿಗೂ ಇದೇ ಅಪಾಯ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಕೊಳ್ಳುವವನ ಕೆವೈಸಿ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು ಆಗಿದ್ದರೆ ಕ್ರಿಪ್ಟೊ ಬಿಡುಗಡೆ ಮಾಡಬೇಡಿ, ಹಣ ವಾಪಸ್ ಮಾಡುವುದಕ್ಕೆ ಎಕ್ಸ್‌ಚೇಂಜ್‌ನ ವ್ಯಾಜ್ಯ ವಿಭಾಗಕ್ಕೆ ದೂರು ಹಾಕಿ. ಕದ್ದ ಹಣ ನಿಮ್ಮ ಖಾತೆಗೆ ಬಂದರೆ ಪೊಲೀಸರು ಅದನ್ನು ತಡೆಹಿಡಿಯುತ್ತಾರೆ, ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಟ.

ಎಕ್ಸ್‌ಚೇಂಜ್‌ಗೆ ಏನೇನು ಗೊತ್ತು

ಪ್ರತಿ ಮಾರಾಟದ ಮೇಲೆ ಶೇ 1ರಷ್ಟು ಟಿಡಿಎಸ್ 2022ರ ಜುಲೈ 1ರಿಂದ ಕಡಿತವಾಗುತ್ತಿದೆ, ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ. ಲಾಭದ ಮೇಲೆ ಶೇ 30 ತೆರಿಗೆ. ಹೊರಗಿನ ವಾಲೆಟ್‌ಗೆ (ಎಕ್ಸ್‌ಚೇಂಜ್ ಆಚೆ ಕ್ರಿಪ್ಟೊ ಇಡುವ ಜಾಗ) ಕಳಿಸುವಾಗ ಅದು ಯಾರದ್ದು ಎಂದು ಕೇಳುತ್ತಾರೆ, ಟ್ರಾವೆಲ್ ರೂಲ್ ಎಂದರೆ ಅದೇ. ಒಮ್ಮೆ ನಿಮ್ಮ ಹೆಸರಿಗೆ ಅಂಟಿದ ವಾಲೆಟ್ ವಿಳಾಸದ ಹಿಂದಿನ, ಮುಂದಿನ ವ್ಯವಹಾರವೆಲ್ಲ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ ಯಾರು ಬೇಕಾದರೂ ಓದಬಹುದು. ಅದಕ್ಕೇ ನಿಮ್ಮ ವಿಳಾಸವನ್ನು ಟೆಲಿಗ್ರಾಂ ಗುಂಪಿನಲ್ಲಿ, ಬ್ಯಾಲೆನ್ಸ್‌ನ ಸ್ಕ್ರೀನ್‌ಶಾಟ್ ಅನ್ನು ಸ್ಟೇಟಸ್‌ನಲ್ಲಿ ಹಾಕಬೇಡಿ.

ಎಕ್ಸ್‌ಚೇಂಜ್ ಒಳಗಿನಿಂದಲೇ ಮಾಹಿತಿ ಸೋರಬಹುದು. ಅಮೆರಿಕದ ಕಾಯಿನ್‌ಬೇಸ್‌ನ ಗ್ರಾಹಕ ಸೇವಾ ಸಿಬ್ಬಂದಿಗೆ ಲಂಚ ಕೊಟ್ಟು ಹೆಸರು, ವಿಳಾಸ, ಗುರುತಿನ ಚೀಟಿಯ ಚಿತ್ರ ಕದ್ದದ್ದನ್ನು ಕಂಪನಿಯೇ 2025ರ ಮೇ ತಿಂಗಳಲ್ಲಿ ಹೇಳಿತು. ಕದ್ದವರು ಆ ವಿವರ ಹಿಡಿದು ‘ಕಂಪನಿಯಿಂದ ಮಾತಾಡುತ್ತಿದ್ದೇವೆ’ ಎಂದು ಗ್ರಾಹಕರನ್ನು ನಂಬಿಸಲು ಹೊರಟಿದ್ದರು. ನಿಮ್ಮ ಪ್ಯಾನ್ ನಂಬರ್ ಸರಿಯಾಗಿ ಹೇಳಿದ ಮಾತ್ರಕ್ಕೆ ಕರೆ ಮಾಡಿದವನು ಎಕ್ಸ್‌ಚೇಂಜ್‌ನವನಲ್ಲ. ‘ಕೆವೈಸಿ ಅವಧಿ ಮುಗಿದಿದೆ’ ಎಂಬ ಕರೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತ, ಪರದೆ ಹಂಚುವ ಆ್ಯಪ್, ಮೂರನ್ನೂ ದೂರವಿಡಿ. ಕೆವೈಸಿ ನವೀಕರಣ ನಿಜವಾಗಿಯೂ ಇರುತ್ತದೆ, ಅದನ್ನು ನೀವೇ ಆ್ಯಪ್ ತೆರೆದು ಮಾಡಿ. ಒಟಿಪಿ ಎಸ್‌ಎಂಎಸ್‌ಗೆ ಬರುವ ಬದಲು ಫೋನಿನಲ್ಲೇ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ, ಹಣ ಹೋಗಬಹುದಾದ ವಾಲೆಟ್ ವಿಳಾಸಗಳನ್ನು ಮೊದಲೇ ನಿಗದಿ ಮಾಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ಗೊತ್ತಿಲ್ಲದ್ದನ್ನು ಅಲ್ಲಿಯೇ ವರದಿ ಮಾಡಿ. ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ತೆರೆದರಾಯಿತು.

ಖಾತೆ ಮುಚ್ಚುವಾಗ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಅದರ ಬೆನ್ನಿಗೆ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ನಿಮ್ಮ ಬಗ್ಗೆ ಏನಿದೆ ಎಂದು ಕೇಳುವ, ತಿದ್ದಿಸುವ, ಅಳಿಸಲು ಹೇಳುವ ಹಕ್ಕು ಅದರಲ್ಲಿದೆ. ಆದರೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಖಾತೆ ಮುಚ್ಚಿದ ಮೇಲೂ ಐದು ವರ್ಷ ಕೆವೈಸಿ ದಾಖಲೆ ಇಟ್ಟುಕೊಳ್ಳಲೇಬೇಕು, ಅದನ್ನು ಅಳಿಸಿ ಎಂದರೆ ಒಪ್ಪುವುದಿಲ್ಲ. ಜಾಹೀರಾತಿಗೆ ಬಳಸುವುದನ್ನು, ಸಂಪರ್ಕ ಪಟ್ಟಿಯನ್ನು, ಸಮೀಕ್ಷೆಯ ಉತ್ತರಗಳನ್ನು ಅಳಿಸಲು ಕೇಳಬಹುದು. ಇಮೇಲ್ ಮೂಲಕ ಎಕ್ಸ್‌ಚೇಂಜ್‌ನ ದೂರು ಅಧಿಕಾರಿಗೆ ಬರೆದು ಉತ್ತರ ಇಟ್ಟುಕೊಳ್ಳಿ.

ಮುಚ್ಚುವ ಮುಂಚೆ ಬ್ಯಾಲೆನ್ಸ್ ಪೂರ್ತಿ ತೆಗೆದು, ಎಲ್ಲ ವರ್ಷದ ವ್ಯವಹಾರದ ಪಟ್ಟಿ ಮತ್ತು ಟಿಡಿಎಸ್ ಪ್ರಮಾಣಪತ್ರ ಇಳಿಸಿಕೊಳ್ಳಿ, ರಿಟರ್ನ್ಸ್‌ಗೆ ಬೇಕಾಗುತ್ತದೆ. ಆಮೇಲೆ ಡಿಜಿಲಾಕರ್‌ಗೆ ಹೋಗಿ ಆ ಎಕ್ಸ್‌ಚೇಂಜ್‌ಗೆ ಕೊಟ್ಟ ಒಪ್ಪಿಗೆ ರದ್ದು ಮಾಡಿ, ಕೊನೆಗೆ ಆ್ಯಪ್ ತೆಗೆಯಿರಿ. ಆ್ಯಪ್ ಮಾತ್ರ ತೆಗೆದರೆ ಖಾತೆ ಹಾಗೇ ಉಳಿದಿರುತ್ತದೆ.

ನಿಮ್ಮ ಹೆಸರಲ್ಲಿ ಬೇರೆಯವರು ಖಾತೆ ತೆರೆದದ್ದು ಗೊತ್ತಾದರೆ ಎಕ್ಸ್‌ಚೇಂಜ್‌ಗೆ ಇಮೇಲ್ ಹಾಕಿ ಖಾತೆ ತಡೆಯಲು ಹೇಳಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡ ಮಾಡಿದಷ್ಟೂ ಹಣ ಮುಂದಿನ ಖಾತೆಗಳಿಗೆ ದಾಟುತ್ತದೆ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ, ವ್ಯವಹಾರದ ಯುಟಿಆರ್ (ಬ್ಯಾಂಕ್ ಕೊಡುವ ವರ್ಗಾವಣೆ ಸಂಖ್ಯೆ), ಬ್ಯಾಂಕ್ ಸ್ಟೇಟ್‌ಮೆಂಟ್, ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ಹಿಡಿದುಕೊಂಡು ನಿಮ್ಮ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ.