ಕೋಲಾರದಲ್ಲಿ ಕೂತು ಕ್ಯಾನ್ಸರ್ ಕೋಶದ ಹುಳಿ ಅಳೆದದ್ದು: ನನ್ನ ಅನುಭವ

ಹುಳಿ ಅಳೆಯೋಕೆ ಪಿಎಚ್ ಮೀಟರ್ ಇರುವಾಗ ಈ ಇಸ್‌ಫೆಟ್ (ಹುಳಿ ಬದಲಾದರೆ ವೋಲ್ಟೇಜ್ ಬದಲಾಗುವ ಟ್ರಾನ್ಸಿಸ್ಟರ್) ಚಿಪ್ಪಿನ ಹುಚ್ಚು ಯಾಕೆ ಎಂದು ಕೇಳಿದವರೇ ಜಾಸ್ತಿ. ಮೀಟರು ಇಡೀ ಮೀಡಿಯಾದ, ಅಂದರೆ ಕೋಶ ಬೆಳೆಸುವ ದ್ರವದ ಹುಳಿ ಹೇಳುತ್ತದೆ ಅಷ್ಟೆ. ನನಗೆ ಬೇಕಿದ್ದದ್ದು ಕೋಶದ ಮೈಗೆ ಅಂಟಿದ ತೆಳು ಪದರದ್ದು. ಈಗ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಇಸ್‌ಫೆಟ್‌ನ ಗೇಟ್, ಅಂದರೆ ಹುಳಿ ಗುರುತಿಸುವ ಭಾಗದ ಮೇಲೇ ಬೆಳೆಯುತ್ತಿವೆ, ಅವು ಬಿಡುವ ಆಮ್ಲ ನಮ್ಮ ಲ್ಯಾಬಿನ ಪರದೆ ಮೇಲೆ ಗೆರೆಯಾಗಿ ಕಾಣುತ್ತದೆ.

ತಿಂಗಳುಗಟ್ಟಲೆ ಕಾಡಿದ್ದು ಡ್ರಿಫ್ಟ್, ಅಂದರೆ ರೀಡಿಂಗ್ ತಾನಾಗೇ ಜಾರುವುದು. ಕೋಶವೇ ಇಲ್ಲದ ಚಿಪ್ಪಿನಲ್ಲೂ ಗಂಟೆಗೆ ಎರಡು ಮೂರು ಮಿಲಿವೋಲ್ಟ್ ಜಾರುತ್ತಿತ್ತು. ಯಾರಾದರೂ ಟ್ಯೂಬ್‌ಲೈಟ್ ಹಾಕಿದರೆ ಸಾಕು, ರೀಡಿಂಗ್ ಎಗರುತ್ತಿತ್ತು. ಇನ್‌ಕ್ಯುಬೇಟರಿನಿಂದ ಹೊರಗೆ ತಂದರೆ ಬೈಕಾರ್ಬೋನೇಟ್ ಮೀಡಿಯಾದಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಸುಮ್ನೆ ಏರುತ್ತಾ ಹೋಗುತ್ತದೆ (ಹುಳಿ ಕಡಿಮೆಯಾದಷ್ಟೂ ಪಿಎಚ್ ಏರುತ್ತದೆ), ಅದರ ಮುಂದೆ ಕೋಶದ ಆಮ್ಲ ಲೆಕ್ಕಕ್ಕೇ ಬರುವುದಿಲ್ಲ.

ದುಡ್ಡಿನದು ಇನ್ನೊಂದು ತಲೆನೋವು. ಆಂಪ್ಲಿಫೈಯರ್ ಬೋರ್ಡಿಗೆ ಹೊರಗೆ ನಲವತ್ತು ಸಾವಿರದ ಆಸುಪಾಸು ಕೇಳಿದರು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ನಾವೇ ಬೆಸುಗೆ ಹಾಕಿದೆವು, ಮೂರು ಸಾವಿರ ದಾಟಲಿಲ್ಲ. ಇವತ್ತಿಗೂ ಅದೇ ಬೋರ್ಡು, ನಾಯ್ಸ್ ಅರ್ಧ ಮಿಲಿವೋಲ್ಟೂ ಇಲ್ಲ.

ಕೊನೆಗೆ ಕೈ ಹಿಡಿದದ್ದು ಹುಳಿಯ ಏರಿಳಿತ ತಡೆಯುವ ಬಫರ್ ಇಳಿಸಿದ್ದು. ಬೈಕಾರ್ಬೋನೇಟ್ ಪೂರ್ತಿ ಬಿಟ್ಟು ಹೆಪಿಸ್ ಅನ್ನೋ ಇನ್ನೊಂದು ಬಫರ್ 1 ಮಿಲಿಮೋಲಾರ್ ಮಾತ್ರ ಇಟ್ಟೆ. ಪಕ್ಕದಲ್ಲೇ ಕೋಶವಿಲ್ಲದ ಚಿಪ್ಪೊಂದನ್ನು ಇಟ್ಟು ಎರಡರ ವ್ಯತ್ಯಾಸವನ್ನಷ್ಟೇ ನೋಡಿದೆ. ಡಬ್ಬಿಗೆ ಕಪ್ಪು ಬಟ್ಟೆ ಮುಚ್ಚಿದೆ. ಹೊಸ ಮೀಡಿಯಾ ಹರಿಸುವ ಪಂಪು ನಿಲ್ಲಿಸಿದರೆ ಗೆರೆ ವಾಲುತ್ತದೆ, ಹತ್ತು ನಿಮಿಷಕ್ಕೆ ಸುಮಾರು 6 ಮಿಲಿವೋಲ್ಟ್, ಅಂದರೆ 0.1 ಪಿಎಚ್ ಹತ್ತಿರ. ಪಂಪು ಹಾಕಿದರೆ ಮತ್ತೆ ಮೊದಲಿನ ಜಾಗಕ್ಕೆ. ಚೇಂಬರಿನ ಎತ್ತರ ಎಷ್ಟು, ತಂತಿಗೆ ಎಪಾಕ್ಸಿ ಹೇಗೆ ಬಳಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೂ ಡ್ರಿಫ್ಟೇ ಅಂದವರ ಎದುರಿಗೇ 2-ಡಿಆಕ್ಸಿಗ್ಲೂಕೋಸ್ ಬಿಟ್ಟೆ. ಗ್ಲೂಕೋಸ್ ಒಡೆಯುವ ದಾರಿಗೆ ಅಡ್ಡ ಬಿತ್ತು, ಇಳಿಜಾರು ಹೆಚ್ಚುಕಡಿಮೆ ಮಟ್ಟಸವಾಯಿತು. ಬೇರೆ ಚಿಪ್ಪಿಗೆ, ಆಮ್ಲಜನಕದಿಂದ ಶಕ್ತಿ ಪಡೆಯುವ ದಾರಿ ತಡೆದು ಕೋಶವನ್ನು ಗ್ಲೂಕೋಸ್ ಒಡೆಯುವ ದಾರಿಗೇ ತಳ್ಳುವ ಓಲಿಗೋಮೈಸಿನ್ ಹಾಕಿದಾಗ ಇಳಿಜಾರು ಇನ್ನೂ ಕಡಿದಾಯಿತು. ಡ್ರಿಫ್ಟ್ ಹೀಗೆ ಔಷಧಿ ನೋಡಿಕೊಂಡು ಬದಲಾಗುತ್ತದಾ? ಆಮ್ಲಜನಕ ಇದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ ಎಂದು ಜರ್ಮನಿಯ ವಿಜ್ಞಾನಿ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು, ಅದನ್ನು ಕಣ್ಣೆದುರಿಗೇ ನೋಡಿದ ಖುಷಿ ಬೇರೆಯೇ.

ನಡುವೆ ಒಂದು ರಾತ್ರಿ ಚಿಪ್ಪಿನ ಮೇಲೆ ಹಾಲಿಗೆ ಹೆಪ್ಪು ಹಾಕಿ ಬಿಟ್ಟಿದ್ದೆ. ಲ್ಯಾಕ್ಟಿಕ್ ಆಮ್ಲವೇ ಅಲ್ವಾ! 6.6ರ ಹತ್ತಿರ ಇದ್ದದ್ದು ಬೆಳಿಗ್ಗೆ 4.5ಕ್ಕೆ ಬಂದಿತ್ತು. ಆದರೆ ಹಾಲಿನ ಪ್ರೋಟೀನ್ ಗೇಟಿಗೆ ಮೆತ್ತಿಕೊಂಡು ಚಿಪ್ಪು ಮಂಕಾಯಿತು. ಮೀಡಿಯಾಗೆ ಹಾಕುವ ಸೀರಮ್ (ರಕ್ತದ ದ್ರವಭಾಗ) ಕೂಡ ಹಾಗೇ ಮೆತ್ತುತ್ತದೆ, ಅದಕ್ಕೇ ಅಳೆಯುವ ಹೊತ್ತಿಗೆ ಸೀರಮ್ ತೆಗೆದುಬಿಡುತ್ತೇನೆ. ಹೀಗೆ ಮಾಡಿದರೆ ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್‌ನಲ್ಲಿ ತೊಳೆದು ಅದೇ ಚಿಪ್ಪನ್ನು ಮೂರು ನಾಲ್ಕು ಸಲ ಬಳಸಬಹುದು, ಚಿಪ್ಪಿನ ಸೂಕ್ಷ್ಮತೆ ಪಿಎಚ್ ಒಂದಕ್ಕೆ 50 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ಎಸೆಯಿರಿ.