ಕಪ್ಪು ಕಾರಿಗೆ ಕೈಯಲ್ಲೇ ಪಾಲಿಶ್, ವ್ಯಾಕ್ಸ್: ಕೊಡಗಿನ ಮಳೆ, ಧೂಳಿನ ನಡುವೆ ನಾನು ಮಾಡುವ ರೀತಿ

ಕೊಡಗಿನಲ್ಲಿ ಕಪ್ಪು ಕಾರು ಇಟ್ಟುಕೊಂಡವರಿಗೆ ಎಲ್ಲರೂ ಹೇಳುವ ಮಾತು ಒಂದೇ, ಬಿಳಿ ತಗೋಬಹುದಿತ್ತಲ್ವಾ ಅಂತ. ಬಿಳಿ ಕಾರಿನಲ್ಲೂ ಅಷ್ಟೇ ಗೀರುಗಳಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ನನಗೆ ಕಪ್ಪು ಇಷ್ಟ. ನಾಪೋಕ್ಲು ಕಡೆ ತೋಟದೊಳಗೆ ನಮ್ಮ ಮನೆ. ಮೆಷಿನ್ ಇಲ್ಲ, ಎಲ್ಲಾ ಕೈಯಲ್ಲೇ. ಇಷ್ಟು ವರ್ಷ ಮಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಏನೆಂದರೆ, ಕಪ್ಪು ಕಾರಿನ ಹೊಳಪು ಪಾಲಿಶ್ ಡಬ್ಬಿಗಿಂತ ಜಾಸ್ತಿ ನಾವು ತೊಳೆಯುವ ರೀತಿ ಮತ್ತು ಒರೆಸುವ ಬಟ್ಟೆಯ ಮೇಲೆ ನಿಂತಿದೆ.

ಮಧ್ಯಾಹ್ನ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಗೆರೆಗಳು ಕಾಣುತ್ತವಲ್ಲ, ಅವು ನಿಜಕ್ಕೂ ಸುತ್ತುಸುತ್ತಾಗಿ ಇರುವುದಿಲ್ಲ. ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿಂಚುವುದರಿಂದ ಹಾಗೆ ಕಾಣುತ್ತದೆ. ಬಹುಪಾಲು ಗೀರುಗಳು ಬರುವುದು ಧೂಳು ಕೂತಿರುವಾಗಲೇ ಒಣಬಟ್ಟೆಯಲ್ಲಿ ಒರೆಸುವುದರಿಂದ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್ ಇರುತ್ತದೆ, ಅಂದರೆ ಹೆಚ್ಚೆಂದರೆ ಮಿಲಿಮೀಟರಿನ 20ನೇ ಒಂದು ಭಾಗ. ಪಾಲಿಶ್ ಮಾಡಿದಾಗಲೆಲ್ಲ ಅದರಲ್ಲಿ ಸ್ವಲ್ಪ ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ವ್ಯಾಕ್ಸ್ ಹಾಗಲ್ಲ, ಅದು ಮೇಲೆ ಕೂರುವ ಪದರ. ಅದಕ್ಕೇ ನಾನು ಪಾಲಿಶ್ ಅಪರೂಪಕ್ಕೆ ಮಾಡುತ್ತೇನೆ, ವ್ಯಾಕ್ಸ್ ಆಗಾಗ ಹಾಕುತ್ತೇನೆ.

ನಮ್ಮಲ್ಲಿ ಕಾಲ ನೋಡಿಯೇ ಮಾಡಬೇಕು. ಮೇ ಕೊನೆಯೊಳಗೆ, ಮುಂಗಾರು ಹಿಡಿಯುವ ಮೊದಲು ಒಂದು ಸಲ ವ್ಯಾಕ್ಸ್. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ, ಪಾಲಿಶ್ ಬೇಕು ಅನ್ನಿಸಿದರೆ ಅದೂ ಆಗಲೇ. ಕಾಫಿ ಕೊಯ್ಲಿನ ದಿನಗಳಲ್ಲಿ ಪಾಲಿಶ್, ವ್ಯಾಕ್ಸ್ ಮಾತೇ ಇಲ್ಲ. ತೋಟದ ದಾರಿಯ ಕೆಂಪು ಧೂಳು, ಕಣದಲ್ಲಿ ಕಾಫಿ ಎಳೆಯುವಾಗ ಹಾರುವ ಸಿಪ್ಪೆ ಪುಡಿ, ಎಲ್ಲಾ ಬಂದು ಹಸಿ ವ್ಯಾಕ್ಸ್ ಮೇಲೆ ಕೂರುತ್ತದೆ.

ತೊಳೆಯುವುದಕ್ಕೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೈಪಿನಲ್ಲಿ ಚೆನ್ನಾಗಿ ನೀರು ಬಿಟ್ಟು ಮಣ್ಣು ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಭಾಗ ತೊಳೆಯುತ್ತೇನೆ. ಒಂದು ಭಾಗ ಮುಗಿದ ಕೂಡಲೇ ಕೈಗೆ ಹಾಕಿಕೊಂಡು ತೊಳೆಯುವ ಗ್ಲೌಸನ್ನು ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂಗೆ ಅದ್ದುವುದು. ಆ ಎರಡನೇ ಬಕೆಟ್‌ನ ತಳ ಒಮ್ಮೆ ನೋಡಿ, ಕೆಂಪು ಮರಳು ನಿಂತಿರುತ್ತದೆ. ಇಲ್ಲದಿದ್ದರೆ ಅದೆಲ್ಲ ಬಾನೆಟ್ ಮೇಲೆ ಉಜ್ಜಿಕೊಳ್ಳುತ್ತಿತ್ತು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಹಾಕಿದ ವ್ಯಾಕ್ಸ್ ಬೇಗ ಹೋಗುತ್ತದೆ. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಬಿಳಿ ಚುಕ್ಕಿ ಬಿಡುತ್ತದೆ, ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಮಳೆನೀರಿನಲ್ಲಿ ಆ ಉಪ್ಪಿನಂಶ ಇರುವುದಿಲ್ಲವಲ್ಲ, ಹಾಗಾಗಿ ಶೆಡ್ಡಿನ ಶೀಟಿನಿಂದ ಡ್ರಮ್ಮಿಗೆ ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕೊನೆಯ ಸಲ ಅದನ್ನೇ ಸುರಿಯುತ್ತೇನೆ.

ಹಕ್ಕಿ ಹಿಕ್ಕೆ ಬಗ್ಗೆ ಸ್ವಲ್ಪ ಹೇಳಲೇಬೇಕು. ತೋಟದ ನೆರಳಿಗೆ ಅತ್ತಿ ಮರಗಳಿವೆ, ಹಣ್ಣಿನ ಕಾಲದಲ್ಲಿ ಹಕ್ಕಿಗಳು ತಿಂದು ಹಾಕುವ ಹಿಕ್ಕೆಯ ತುಂಬಾ ಸಣ್ಣ ಗಟ್ಟಿ ಬೀಜಗಳು. ಒಣಗಿದ್ದನ್ನು ಉಜ್ಜಿದರೆ ಬೀಜವೇ ಗೀರು ಹಾಕುತ್ತದೆ. ಬಿಟ್ಟರೆ ಅದರ ಆಮ್ಲ ಕ್ಲಿಯರ್ ಕೋಟ್ ತಿನ್ನುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ. ನಾನು ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ಮೆತ್ತಗಾದ ಮೇಲೆ ಒತ್ತದೆ ಎತ್ತಿಕೊಳ್ಳುತ್ತೇನೆ.

ತೊಳೆದು ಒಣಗಿಸಿದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಹಗುರವಾಗಿ ಸವರಿ ನೋಡಿ. ಬರೀ ಕೈಗೆ ನುಣುಪು ಅನ್ನಿಸಿದ್ದು ಈಗ ತರಿತರಿ ಅನ್ನಿಸಿದರೆ ಮರದ ಅಂಟು, ಟಾರಿನ ಕಣ, ಬ್ರೇಕ್ ಪುಡಿ ಅಂಟಿಕೊಂಡಿದೆ ಅಂತ. ಅದಕ್ಕೆ ಕ್ಲೇ ಬಾರ್, ಅಂಟಿದ ಕಣಗಳನ್ನು ಎತ್ತಿಕೊಳ್ಳುವ ಮೆತ್ತನೆಯ ಜೇಡಿಯಂಥ ತುಂಡು. ಶಾಂಪೂ ನೀರು ಚಿಮುಕಿಸಿ, ಜಾರುವಷ್ಟು ಒದ್ದೆ ಇಟ್ಟುಕೊಂಡು, ಒತ್ತದೆ ಆಡಿಸುವುದು, ಆಗಾಗ ಮಡಚಿ ಹೊಸ ಮುಖ ತೆಗೆಯುವುದು. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಮುಟ್ಟಬೇಡಿ.

ಪಾಲಿಶ್‌ಗೆ ಬೆಳಿಗ್ಗೆ ಬೇಗ ಕೂರಬೇಡಿ. ಅಕ್ಟೋಬರ್‌ನಲ್ಲಿ ಇಬ್ಬನಿ, ಮಂಜು ಇಳಿದು ಬಾಗಿಲ ಸಂದುಗಳೆಲ್ಲ ಒದ್ದೆ ಇರುತ್ತವೆ. ಮಂಜು ಹೋದ ಮೇಲೆ, ಶೆಡ್ಡಿನ ನೆರಳಿನಲ್ಲಿ, ಅಂಗೈ ಇಟ್ಟರೆ ತಣ್ಣಗಿರುವ ಬಾನೆಟ್ ಮೇಲೆ ಶುರು ಮಾಡುವುದು. ಬಿಸಿಲಿನಲ್ಲಿ ಕಪ್ಪು ತಗಡು ಎಷ್ಟು ಕಾಯುತ್ತದೆಂದರೆ ಪಾಲಿಶ್ ಉಜ್ಜುವ ಮೊದಲೇ ಒಣಗಿ ಕಚ್ಚಿಕೊಳ್ಳುತ್ತದೆ. ಮೊದಲು ಕಪ್ಪು ಪ್ಲಾಸ್ಟಿಕ್ ಬೀಡಿಂಗ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಲ್ಲಿ ಬಿಳಿ ಕಲೆ ಕೂತರೆ ತೆಗೆಯುವುದು ಬಹಳ ಕಷ್ಟ. ಫೋಮ್ ಪ್ಯಾಡ್‌ಗೆ ಬಟಾಣಿ ಗಾತ್ರದ ಪಾಲಿಶ್ ಸಾಕು. ಎರಡು ಅಡಿ ಚೌಕ ಅಷ್ಟೇ ಒಂದು ಸಲಕ್ಕೆ. ನಾನು ವೃತ್ತಾಕಾರವಾಗಿ ಉಜ್ಜುವುದಿಲ್ಲ, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಏನಾದರೂ ಸಣ್ಣ ಗುರುತು ಉಳಿದರೂ ಎಲ್ಲಾ ಕೋನದಿಂದ ಕಾಣುವುದಿಲ್ಲ. ಮೊದಲು ಸ್ವಲ್ಪ ಒತ್ತಿ, ಕೊನೆಗೆ ಬರೀ ಕೈ ಭಾರದಲ್ಲಿ. ಬಾನೆಟ್‌ನ ಏಣು, ಬಾಗಿಲ ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಬೆರಳು ತುದಿಯಲ್ಲಿ ಒತ್ತಬೇಡಿ. ಆಮೇಲೆ ಒರೆಸಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರು ತುಂಬಿ ಮುಚ್ಚಿಟ್ಟಿರುತ್ತದೆ, ಹಾಗಾಗಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಜಾಸ್ತಿ ನೀರು ಬೆರೆಸಿ ಒಮ್ಮೆ ಒರೆಸಿದರೆ ನಿಜವಾಗಿ ಎಷ್ಟು ಹೋಗಿದೆ ಅಂತ ಗೊತ್ತಾಗುತ್ತದೆ. ಉಗುರಿಗೆ ಸಿಗುವಂಥ ಆಳದ ಗೀರು ಕೈಯಲ್ಲಿ ಹೋಗುವುದಿಲ್ಲ, ಅದನ್ನು ಬಿಟ್ಟುಬಿಡುವುದೇ ಸರಿ.

ವ್ಯಾಕ್ಸ್ ಕೆಲಸ ಇದಕ್ಕಿಂತ ಸುಲಭ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆಜಾತಿ ಮರದ ಎಲೆಯಿಂದ ಬರುವಂಥದ್ದು, ಕಪ್ಪಿಗೆ ಅದು ಕೊಡುವ ಆಳವಾದ ಹೊಳಪು ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆದರೆ ನಮ್ಮ ಜೂನ್, ಜುಲೈ ಮಳೆಗೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾಗಿ ಮೇನಲ್ಲಿ ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸ್ ಹಾಗೇ ಮೇಲೆ ಕೂರುವ ಕೃತಕ ಪದರ, ಅಕ್ಟೋಬರ್‌ನಲ್ಲಿ ಕಾರ್ನೌಬಾ. ಎಷ್ಟು ತೆಳುವಾಗಿ ಸವರಿದರೆ ಅಷ್ಟು ಒಳ್ಳೆಯದು, ದಪ್ಪ ಹಾಕಿದ್ದೆಲ್ಲ ಬಟ್ಟೆಗೇ ಹೋಗುತ್ತದೆ. ತೇವದ ಗಾಳಿಯಲ್ಲಿ ಒಣಗುವುದು ನಿಧಾನ, ಡಬ್ಬಿಯಲ್ಲಿ ಬರೆದ ಸಮಯ ನಂಬಬೇಡಿ. ಬೆರಳಲ್ಲಿ ಒಂದು ಗೆರೆ ಎಳೆದು ನೋಡಿ, ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತಾಯಿತು, ಮೆತ್ತಿಕೊಂಡರೆ ಇನ್ನೂ ಕಾಯಬೇಕು.

ಹೊಳಪಿಗೆ ಅಂತ ಡೀಸೆಲ್ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇನ್ನೂ ಇದೆ, ದಯವಿಟ್ಟು ಬೇಡ. ಒಂದು ದಿನ ಮಿಂಚುತ್ತದೆ, ಮರುದಿನದಿಂದ ಇಡೀ ದಾರಿಯ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಯುಧ ಪೂಜೆಗೆ ಗಂಧ, ಕುಂಕುಮ ನಮ್ಮ ಮನೆಯಲ್ಲಿ ಗಾಜಿಗೆ, ನಂಬರ್ ಪ್ಲೇಟಿಗೆ ಹಚ್ಚುತ್ತೇವೆ, ಬಣ್ಣದ ಮೇಲೆ ಬಿದ್ದಿದ್ದನ್ನು ಅವತ್ತೇ ನೀರು ಹಾಕಿ ಇಳಿಸುತ್ತೇನೆ.

ಮೈಕ್ರೋಫೈಬರ್ ಬಟ್ಟೆ ತಂದ ಕೂಡಲೇ ಅಂಚಿನ ಲೇಬಲ್ ಕತ್ತರಿಸಿ, ಕಪ್ಪಿನ ಮೇಲೆ ಅದೂ ಗೀರು ಹಾಕುತ್ತದೆ. ಒಗೆಯುವಾಗ ಬೇರೆ ಬಟ್ಟೆ ಜೊತೆ ಸೇರಿಸಬೇಡಿ, ಕಂಫರ್ಟ್ ತರಹದ ಸಾಫ್ಟ್‌ನರ್ ಬೇಡ, ನೀರು ಹೀರುವ ಗುಣ ಹೋಗುತ್ತದೆ. ಒಣಗಿದ ಮೇಲೆ ನಾನು ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ, ಪಾಲಿಶ್‌ದು, ವ್ಯಾಕ್ಸ್‌ದು ಬೇರೆಬೇರೆ. ಅಂಗಳಕ್ಕೆ ಬಿದ್ದ ಬಟ್ಟೆಯನ್ನು ಆ ಡಬ್ಬಿಗೆ ವಾಪಸ್ ಹಾಕುವುದಿಲ್ಲ, ಚಕ್ರ ಒರೆಸಲು ತೆಗೆದಿಡುತ್ತೇನೆ.